ಮುಕ್ತವೆಂದರೆ ಪುಕ್ಕಟೆಯೇ?

ಮನೆಯಲ್ಲಿ ಬಹುಕಾಲದಿಂದ ರೇಡಿಯೋ ಇಟ್ಟುಕೊಂಡವರಿಗೆ ಒಂದು ಹಳೆಯ ಸಂಗತಿ ನೆನಪಿರಬಹುದು. ಒಂದು ಕಾಲಕ್ಕೆ ವರುಷಕ್ಕೊಮ್ಮೆ ಅಂಚೆಯ ಕಚೇರಿಗೆ ಹೋಗಿ ರೇಡಿಯೋದ ಲೈಸೆನ್ಸ್ ಶುಲ್ಕವನ್ನು ಕಟ್ಟಿ ಬರಬೇಕಾಗಿದ್ದಿತು. ರೇಡಿಯೋ ಪೆಟ್ಟಿಗೆಯ ಬೆಲೆಯನ್ನು ಅಂಗಡಿಯವನಿಗೆ ಕೊಟ್ಟಾಗಿದೆ, ವಿದ್ಯುತ್ತಿನ ಬಿಲ್ಲನ್ನು ಬೇರೆ ಕಟ್ಟುತ್ತೇವೆ, ಧ್ವನಿಯಾದರೋ ಗಾಳಿಯಲ್ಲಿ ತಾನೇ ತೇಲಿ ಬರುತ್ತದೆ. ಮತ್ತೆ ಈ ಶುಲ್ಕವೇಕೆ ಎಂದು ಆಗ ಕೇಳಿದವರಿಗೆ ಕೊರತೆಯಿರಲಿಲ್ಲ. ಆದರೆ ಗಾಳಿಗೆ ಬೆಲೆಯಿಲ್ಲದಿದ್ದರೂ ಹಾಡುವವರಿಗೆ ಸಂಸಾರವಿರುತ್ತದೆ. ಧಾರವಾಡದ ಕೇಂದ್ರವು 1950ರ ಜನವರಿ 8ರಂದು ಆರಂಭವಾದಂದಿನಿಂದ ಅಲ್ಲಿ ಹಾಡಿದವರು, ತಂಬೂರಿ ಹಿಡಿದವರು, ನಾಟಕದಲ್ಲಿ ಮಾತನಾಡಿದವರು, ಯಂತ್ರದ ಮುಂದೆ ರಾತ್ರಿಯೆಲ್ಲ ಕುಳಿತವರು, ಇವರೆಲ್ಲರಿಗೂ ಯಾರಾದರೂ ಸಂಬಳ ಸಂಭಾವನೆಗಳನ್ನು ಕೊಡಲೇಬೇಕಷ್ಟೆ. 1980ರ ದಶಕದಲ್ಲಿ ಲೈಸೆನ್ಸಿನ ಪದ್ಧತಿ ನಿಂತುಹೋಯಿತು. ನಿಂತದ್ದು ನಾವು ನೇರವಾಗಿ ಕೊಡುವ ಶುಲ್ಕ ಮಾತ್ರ, ವೆಚ್ಚ ನಿಲ್ಲಲಿಲ್ಲ. ಅದು ಸರಕಾರದ ಬೊಕ್ಕಸದಿಂದ, ಎಂದರೆ ಸುತ್ತುದಾರಿಯಿಂದ ನಮ್ಮ ಕಿಸೆಯಿಂದಲೇ, ಹೋಗತೊಡಗಿತು.

ಅದೇ ಪ್ರಶ್ನೆಯು ಈಗ ಬೇರೊಂದು ವೇಷದಲ್ಲಿ ನಮ್ಮ ಮನೆಗಳನ್ನು ಹೊಕ್ಕಿದೆ. ಅದರ ಕತೆಯನ್ನು ತುಸು ಹಿಂದಿನಿಂದ ಹೇಳಬೇಕೆಂದು ಈ ಲೇಖನದ ಉದ್ದೇಶ.

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಒಂದು ಮನೆಯಿದೆಯೆಂದು ಊಹಿಸಿಕೊಳ್ಳಿರಿ. ತಂದೆಗೆ ಚಿಕ್ಕದೊಂದು ಬಟ್ಟೆಯ ಅಂಗಡಿ; ಮಗಳು ಕಾಲೇಜಿನಲ್ಲಿ ಓದುತ್ತಾಳೆ. ಮನೆಯ ಕಂಪ್ಯೂಟರ್ ಹಳೆಯದಾಗಿ ನಿಧಾನವಾದುದರಿಂದ ಮಗಳು ಅದರಲ್ಲಿದ್ದ ವಿಂಡೋಸನ್ನು ತೆಗೆದು ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯನ್ನು ಹಾಕುತ್ತಾಳೆ. ಯಂತ್ರವು ಮತ್ತೆ ಚುರುಕಾಗುತ್ತದೆ. ಪತ್ರ ಬರೆಯುವುದು, ಚಿತ್ರ ನೋಡುವುದು, ಹಾಡು ಕೇಳುವುದು ಎಲ್ಲವೂ ಒಂದು ಪೈಯ ಖರ್ಚಿಲ್ಲದೆ ನಡೆಯುತ್ತದೆ. ಆದರೆ ಅಂಗಡಿಯ ಕೀರ್ದಿ-ಖಾತೆಗೆ ಒಂದು ಒಳ್ಳೆಯ ತಂತ್ರಾಂಶ ಬೇಕು. ಮದುವೆಯ ಕರೆಯೋಲೆಗೆ ಅಂದವಾದ ಕನ್ನಡ ಅಕ್ಷರ ಬೇಕು. ಅವುಗಳಿಗೆ ಬೆಲೆಯಿದೆ. ಆಗ ಮಾತು ಹೀಗೆ ನಡೆದೀತು:

“ಅಪ್ಪಾ, ಎಲ್ಲಾ ಪುಕ್ಕಟೆ ಸಿಗೂದರಾಗ ಇದೊಂದಕ್ಕ ಯಾಕ ರೊಕ್ಕ ಕೊಡಬೇಕು?”

“ರೊಕ್ಕ ಕೊಡೂದ ಖರೆ ಅಂದ ಮ್ಯಾಲೆ, ತಂಗಿ, ಮುಕ್ತ ಅನ್ನೂ ಮಾತು ಎಲ್ಲಿ ಉಳೀತು?”

ಇಬ್ಬರ ಮಾತಿನಲ್ಲಿಯೂ ಒಂದೇ ನಂಬಿಕೆ ಅಡಗಿದೆ: ಮುಕ್ತವೆಂದರೆ ಪುಕ್ಕಟೆ ಎಂಬುದು. ಈ ನಂಬಿಕೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಇತಿಹಾಸವನ್ನೇ ಕೇಳೋಣ.

ಕಂಪ್ಯೂಟರ್ ಎಂಬುದು ಬರಿಯ ಯಂತ್ರ. ಅದು ಏನು ಮಾಡಬೇಕು, ಹೇಗೆ ಮಾಡಬೇಕು ಎಂಬ ಅಪ್ಪಣೆಗಳ ಸರಮಾಲೆಯೇ ತಂತ್ರಾಂಶ. ರೇಡಿಯೋ ಪೆಟ್ಟಿಗೆಗೂ ಅದರಲ್ಲಿ ಬರುವ ಕಾರ್ಯಕ್ರಮಕ್ಕೂ ಇರುವ ಸಂಬಂಧವೇ ಇವೆರಡಕ್ಕೂ ಇದೆಯೆನ್ನಬಹುದು. ಮೊದಮೊದಲು ಈ ತಂತ್ರಾಂಶಕ್ಕೆ ಬೇರೆ ಬೆಲೆಯೇ ಇರಲಿಲ್ಲ. ಕೋಣೆಯಷ್ಟು ದೊಡ್ಡ ಯಂತ್ರಗಳನ್ನು ಸಂಸ್ಥೆಗಳು ಕೊಂಡಾಗ ಅಥವಾ ಬಾಡಿಗೆಗೆ ಪಡೆದಾಗ ತಂತ್ರಾಂಶವು ಅದರೊಡನೆಯೇ ಬರುತ್ತಿತ್ತು. 1969ರ ಜೂನ್ ತಿಂಗಳಿನಲ್ಲಿ ಅಮೆರಿಕದ ಐಬಿಎಂ ಕಂಪನಿಯು ಇನ್ನು ಮುಂದೆ ತನ್ನ ಕೆಲವು ತಂತ್ರಾಂಶಗಳಿಗೂ ಸೇವೆಗಳಿಗೂ ಬೇರೆಯಾಗಿ ಬೆಲೆ ಹಾಕುವೆನೆಂದು ಸಾರಿತು. ತಂತ್ರಾಂಶವು ತಾನೇ ಒಂದು ಸರಕಾದದ್ದು ಅಲ್ಲಿಂದ ಮುಂದೆ.

ಆ ಬಳಿಕ ಯಂತ್ರಗಳು ಚಿಕ್ಕವಾಗಿ ಮನೆಗೆ ಬಂದವು. ಅವುಗಳ ಬೆನ್ನ ಹಿಂದೆಯೇ ಜಗಳವೂ ಬಂದಿತು. 1976ರ ಫೆಬ್ರುವರಿಯಲ್ಲಿ ಬಿಲ್ ಗೇಟ್ಸ್ ಎಂಬ ಇಪ್ಪತ್ತರ ಹರೆಯದ ತರುಣನು ಹವ್ಯಾಸಿಗಳಿಗೆಲ್ಲ ಒಂದು ಬಹಿರಂಗ ಪತ್ರ ಬರೆದನು. ತಾನೂ ತನ್ನ ಜೊತೆಗಾರರೂ ಆಲ್ಟೇರ್ ಎಂಬ ಯಂತ್ರಕ್ಕಾಗಿ ಬೇಸಿಕ್ ಭಾಷೆಯ ತಂತ್ರಾಂಶವನ್ನು ಬರೆದೆವು. ಅದಕ್ಕೆ ಬಳಸಿದ ಕಂಪ್ಯೂಟರ್ ಸಮಯದ ಬೆಲೆಯೇ 40,000 ಡಾಲರುಗಳನ್ನು ಮೀರುತ್ತದೆ. ಆದರೆ ಆಲ್ಟೇರ್ ಕೊಂಡವರಲ್ಲಿ ನೂರಕ್ಕೆ ಹತ್ತರಷ್ಟು ಮಂದಿಯೂ ಇದನ್ನು ಕೊಂಡಿಲ್ಲ, ಉಳಿದವರು ನಕಲು ಮಾಡಿಕೊಂಡಿದ್ದಾರೆ ಎಂಬುದು ಅವನ ದೂರು. ಯಂತ್ರಕ್ಕೆ ಹಣ ಕೊಡುವವರು ಅದನ್ನು ನಡೆಸುವ ಬುದ್ಧಿಗೆ ಏಕೆ ಕೊಡುವುದಿಲ್ಲ ಎಂದು ಅವನು ಕೇಳಿದನು. ಅವನ ಮೈಕ್ರೋಸಾಫ್ಟ್ ಕಂಪನಿಯು ಮುಂದೆ ಏನಾಯಿತೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ.

ಇದಕ್ಕೆ ಎದುರು ಮಾತೂ ಹುಟ್ಟಿತು. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬವರು ಗ್ನೂ ಎಂಬ ಹೆಸರಿನಿಂದ ಒಂದು ಮುಕ್ತ ವ್ಯವಸ್ಥೆಯನ್ನು ಕಟ್ಟುವೆನೆಂದು ಘೋಷಿಸಿದರು. ತಂತ್ರಾಂಶವನ್ನು ಪಡೆದವನಿಗೆ ಅದನ್ನು ಬೇಕಾದ ಕೆಲಸಕ್ಕೆ ಬಳಸುವ, ಅದರ ಒಳಗನ್ನು ಬಿಚ್ಚಿ ನೋಡುವ, ತಿದ್ದುವ, ನೆರೆಯವನಿಗೆ ಹಂಚುವ ಹಕ್ಕು ಇರಬೇಕೆಂಬುದು ಅವರ ವಾದ. ಇದನ್ನು ಕೇಳಿದವರು ಅನೇಕರು ಇವರು ಹಣಕ್ಕೆ ವಿರೋಧಿಗಳೆಂದು ತಿಳಿದರು. ಆದರೆ ವಾಚಕರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. 1985ರಲ್ಲಿ ಇದೇ ಸ್ಟಾಲ್‌ಮನ್ ಅವರು ತಾವು ಬರೆದ ಈಮ್ಯಾಕ್ಸ್ ಎಂಬ ತಂತ್ರಾಂಶವನ್ನು ಟೇಪಿನ ಮೇಲೆ ಹಾಕಿ ಒಂದೊಂದಕ್ಕೆ 150 ಡಾಲರಿನಂತೆ ಮಾರುತ್ತಿದ್ದರು. ಕೊಂಡವನು ಅದನ್ನು ಹತ್ತು ಮಂದಿಗೆ ಹಂಚಿದರೂ ಅವರ ಅಭ್ಯಂತರವಿರಲಿಲ್ಲ. ಮಾರುವುದಕ್ಕೆ ಮಾತ್ರ ಅವರಿಗೆ ನಾಚಿಕೆಯೂ ಇರಲಿಲ್ಲ.

ಇನ್ನೊಂದು ನಿದರ್ಶನ ಲಿನಕ್ಸಿನದೇ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಅದರ ತಿರುಳನ್ನು ಬರೆದು ಹೊರಬಿಟ್ಟಾಗ, ಇದನ್ನು ಹಂಚುವವರು ಹಣ ಪಡೆಯಬಾರದೆಂಬ ಷರತ್ತು ಹಾಕಿದ್ದರು. ಮರು ವರುಷವೇ, 1992ರಲ್ಲಿ, ಆ ಷರತ್ತನ್ನು ತೆಗೆದುಹಾಕಿ ಸ್ಟಾಲ್‌ಮನ್ ಅವರ ಗ್ನೂ ಪರವಾನಗಿಯನ್ನು ಒಪ್ಪಿಕೊಂಡರು. ಅಂದರೆ ಮಾರಲು ಅವಕಾಶ ಸಿಕ್ಕಿತು. ಫ್ಲಾಪಿಯಲ್ಲಿಯೂ ಸೀಡಿಯಲ್ಲಿಯೂ ಹಾಕಿ ಮಾರುವವರು ಬಂದರು. ಕಲಿಸುವವರು, ರಿಪೇರಿ ಮಾಡುವವರು ಬಂದರು. ಅದರಿಂದಲೇ ಹೊಟ್ಟೆ ಹೊರೆಯುವವರೂ ಬಂದರು. ರೆಡ್ ಹ್ಯಾಟ್ ಎಂಬ ಕಂಪನಿಯು ಅದೇ ಆಧಾರದ ಮೇಲೆ ಬೆಳೆದು, 2019ರಲ್ಲಿ ಐಬಿಎಂ ಅದನ್ನು ಕೊಂಡಾಗ ಕೊಟ್ಟ ಬೆಲೆ 3,400 ಕೋಟಿ ಡಾಲರು! ತಂತ್ರಾಂಶಕ್ಕೆ ಬೇರೆ ಬೆಲೆ ಹಾಕಿದ ಆ ಹಳೆಯ ಕಂಪನಿಯೇ ಐವತ್ತು ವರುಷಗಳ ಬಳಿಕ ಮುಕ್ತ ತಂತ್ರಾಂಶದ ಮನೆಗೆ ಇಷ್ಟು ಹಣ ಸುರಿಯಿತೆಂಬುದು ಸ್ವಾರಸ್ಯದ ಮಾತಲ್ಲವೇ?

ನಮ್ಮ ಊರುಗಳಿಗೆ ಈ ಲಿನಕ್ಸ್ ಹೇಗೆ ಬಂದಿತು? 1990ರ ದಶಕದ ಉತ್ತರಾರ್ಧದಲ್ಲಿ ಪೀಸೀ ಕ್ವೆಸ್ಟ್ ಎಂಬ ಇಂಗ್ಲಿಷ್ ಮಾಸಿಕವು ತನ್ನ ಸಂಚಿಕೆಯೊಡನೆ ಲಿನಕ್ಸಿನ ಸೀಡಿಯನ್ನು ಇಟ್ಟು ಕೊಡತೊಡಗಿತು. ಅಂತರ್ಜಾಲವು ಟೆಲಿಫೋನಿನ ತಂತಿಯಲ್ಲಿ ಹನಿಹನಿಯಾಗಿ ಬರುತ್ತಿದ್ದ ಕಾಲವದು. ಸೀಡಿ ಸಿಗದಿದ್ದರೆ ಅಷ್ಟು ದೊಡ್ಡ ತಂತ್ರಾಂಶವನ್ನು ಇಳಿಸಿಕೊಳ್ಳುವುದು ಮನೆಯವರಿಗೆ ಆಗುತ್ತಿರಲಿಲ್ಲ. 2005ರಿಂದ 2011ರವರೆಗೆ ಉಬುಂಟು ಎಂಬ ಲಿನಕ್ಸಿನವರು ಕೇಳಿದವರ ಮನೆಗೆ ಸೀಡಿಗಳನ್ನು ಅಂಚೆಯಲ್ಲಿಯೇ ಕಳಿಸಿದರು. ಅಂಚೆಯ ವೆಚ್ಚವೂ ಅವರದೇ. ಪಡೆದವರಿಗೆ ಅದು ಪುಕ್ಕಟೆ. ಆದರೆ ಆ ವೆಚ್ಚವನ್ನು ಹೊತ್ತದ್ದು ದಕ್ಷಿಣ ಆಫ್ರಿಕದ ಶ್ರೀಮಂತ ಮಾರ್ಕ್ ಶಟಲ್‌ವರ್ತ್ ಅವರು ಸ್ಥಾಪಿಸಿದ ಕಂಪನಿ. ಲಿಬ್ರೆ ಆಫೀಸ್ ಎಂಬ ಬರವಣಿಗೆಯ ತಂತ್ರಾಂಶವನ್ನು ನಾವು ಹಣವಿಲ್ಲದೆ ಬಳಸುತ್ತೇವೆ. ಅದರ ಮೂಲವಾದ ಸ್ಟಾರ್ ಆಫೀಸನ್ನು ಬರೆದದ್ದು ಜರ್ಮನಿಯ ಒಂದು ವ್ಯಾಪಾರಿ ಕಂಪನಿ. 1999ರಲ್ಲಿ ಸನ್ ಎಂಬ ಅಮೆರಿಕದ ಕಂಪನಿಯು ಸುಮಾರು 7 ಕೋಟಿ ಡಾಲರು ಕೊಟ್ಟು ಅದನ್ನು ಕೊಂಡು, 2000ದಲ್ಲಿ ಅದರ ಒಳಗನ್ನು ಲೋಕಕ್ಕೆ ತೆರೆದಿಟ್ಟಿತು. ಪುಕ್ಕಟೆಯೆಂದು ನಾವು ತಿಳಿದುದರ ಹಿಂದೆ ಎಲ್ಲಿಯೋ ಒಬ್ಬನು ಹಣದ ಚೀಲವನ್ನು ಬಿಚ್ಚಿಯೇ ಇರುತ್ತಾನೆ.

ಇಷ್ಟಾಯಿತು ಹೊರಗಿನ ಮಾತು. ಇನ್ನು ನಮ್ಮ ಕನ್ನಡದ ಮಾತಿಗೆ ಬರೋಣ. ಏಕೆಂದರೆ ಕನ್ನಡ ಅಕ್ಷರದ ಕತೆಯಲ್ಲಿ ಈ ಪ್ರಶ್ನೆಯ ಎಲ್ಲ ಮುಖಗಳೂ ಕಾಣುತ್ತವೆ.

ಸೀಸದ ಮೊಳೆಗಳ ಕಾಲವನ್ನು ನೆನೆಯಿರಿ. ಹುಬ್ಬಳ್ಳಿಯಲ್ಲಿ ‘ಸಂಯುಕ್ತ ಕರ್ನಾಟಕ’ದಂಥ ದಿನಪತ್ರಿಕೆಯಿದ್ದಿತು, 1954ರಿಂದ ‘ಪ್ರಪಂಚ’ ವಾರಪತ್ರಿಕೆಯಿದ್ದಿತು. ಇವುಗಳಲ್ಲದೆ ಕರೆಯೋಲೆ, ಕೈಪತ್ರ, ಪಂಚಾಂಗಗಳನ್ನು ಅಚ್ಚುಹಾಕುವ ಚಿಕ್ಕ ಮುದ್ರಣಾಲಯಗಳೂ ಇದ್ದವು. ಮುದ್ರಣಾಲಯದ ಮಾಲಕನು ಮೊಳೆಗಳನ್ನು ತೂಕದ ಲೆಕ್ಕದಿಂದ ಕೊಳ್ಳುತ್ತಿದ್ದನು. ಒಮ್ಮೆ ಹಣ ಕೊಟ್ಟು ತಂದ ಮೇಲೆ ಮೊಳೆ ಅವನದು. ಅದರಿಂದ ಎಷ್ಟು ಪುಸ್ತಕಗಳನ್ನು ಅಚ್ಚುಹಾಕಿದರೂ, ಇನ್ನೊಬ್ಬನಿಗೆ ಕಡ ಕೊಟ್ಟರೂ, ಸವೆದ ಮೇಲೆ ಕರಗಿಸಿದರೂ ಕೇಳುವವರಿಲ್ಲ. ಅಚ್ಚಾದ ಹಾಳೆಯನ್ನು ಓದಲು ಓದುಗನ ಮನೆಯಲ್ಲಿ ಅದೇ ಮೊಳೆ ಇರಬೇಕಾಗಿರಲಿಲ್ಲವೆಂಬುದೂ ಮುಖ್ಯ.

1980ರ ಮತ್ತು 90ರ ದಶಕಗಳಲ್ಲಿ ಮೊಳೆಗಳು ಹೋಗಿ ಕಂಪ್ಯೂಟರಿನ ಅಕ್ಷರಗಳು ಬಂದವು. ಪುಣೆಯ ಶ್ರೀಲಿಪಿ, ಬೆಂಗಳೂರಿನ ಆಕೃತಿ ಮೊದಲಾದ ತಂತ್ರಾಂಶಗಳನ್ನು ಮುದ್ರಣಾಲಯಗಳೂ ಪತ್ರಿಕೆಗಳೂ ಹಣ ಕೊಟ್ಟು ತಂದವು. ಆ ಕೆಲಸಕ್ಕೆ ಹಣ ಕೊಟ್ಟದ್ದು ನ್ಯಾಯವೇ. ಕನ್ನಡದ ಒತ್ತಕ್ಷರಗಳನ್ನು, ದೀರ್ಘಗಳನ್ನು, ಅರ್ಕಾವತ್ತನ್ನು ಇಂಗ್ಲಿಷಿಗೆಂದು ಹುಟ್ಟಿದ ಯಂತ್ರದ ಮೇಲೆ ಕೂಡಿಸುವುದು ಆಟದ ಮಾತಾಗಿರಲಿಲ್ಲ. ಆದರೆ ಒಂದು ತೊಡಕು ಉಳಿಯಿತು. ಪ್ರತಿಯೊಬ್ಬ ತಯಾರಕನೂ ಅಕ್ಷರಗಳಿಗೆ ತನ್ನದೇ ಆದ ಗುಪ್ತ ಸಂಖ್ಯೆಗಳನ್ನು ಕೊಟ್ಟಿದ್ದನು. ಒಬ್ಬನ ತಂತ್ರಾಂಶದಲ್ಲಿ ಬರೆದದ್ದನ್ನು ಇನ್ನೊಬ್ಬನದರಲ್ಲಿ ತೆರೆದರೆ ಕನ್ನಡವು ಅಡ್ಡಗೆರೆ ಉದ್ದಗೆರೆಗಳ ಗೊಂದಲವಾಗುತ್ತಿತ್ತು. ಬರೆದವನ ಬರಹವೇ ಅವನ ಕೈಯಿಂದ ಜಾರಿದಂತಾಯಿತು. ಮೊಳೆಯನ್ನು ಕೊಂಡಾಗ ಹೀಗಾಗಿರಲಿಲ್ಲ. ಇಲ್ಲಿ ದೋಷವಿದ್ದುದು ಬೆಲೆಯಲ್ಲಿ ಅಲ್ಲ, ಬೀಗದಲ್ಲಿ.

ಆಗ ಹಣವಿಲ್ಲದೆ ಸಿಗುವ ತಂತ್ರಾಂಶಗಳು ಬಂದವು. 1998ರಲ್ಲಿ ಅಮೆರಿಕದಲ್ಲಿದ್ದ ಕನ್ನಡಿಗ ಶೇಷಾದ್ರಿವಾಸು ಚಂದ್ರಶೇಖರನ್ ಅವರು ‘ಬರಹ’ವನ್ನು ಹೊರತಂದರು. ಮನೆಯ ಕಂಪ್ಯೂಟರಿನಲ್ಲಿ ಕನ್ನಡದ ಕಾಗದ ಬರೆಯುವುದನ್ನು ಅದು ಸಾವಿರಾರು ಮಂದಿಗೆ ಕಲಿಸಿತು. ಕೆಲವು ವರುಷಗಳ ಬಳಿಕ ಅದರ ಹೊಸ ಆವೃತ್ತಿಗಳಿಗೆ ಬೆಲೆಯನ್ನಿಡಲಾಯಿತು. ಇದರಿಂದ ಬೇಸರಪಟ್ಟವರುಂಟು. ಆದರೆ ಒಬ್ಬ ಮನುಷ್ಯನು ತನ್ನ ಬಿಡುವಿನ ಹೊತ್ತನ್ನೆಲ್ಲ ವರುಷಗಟ್ಟಲೆ ಕೊಟ್ಟ ಮೇಲೆ ಬೆಲೆ ಕೇಳಿದರೆ ತಪ್ಪೇನು? ಎರಡನೆಯದು ಕನ್ನಡ ಗಣಕ ಪರಿಷತ್ತು ರಾಜ್ಯ ಸರಕಾರಕ್ಕಾಗಿ ಸಿದ್ಧಪಡಿಸಿದ ‘ನುಡಿ’. ಇದೂ ಜನರಿಗೆ ಪುಕ್ಕಟೆಯಾಗಿ ದೊರೆಯಿತು. ವೆಚ್ಚವನ್ನು ಹೊತ್ತದ್ದು ಸರಕಾರ, ಎಂದರೆ ಕರ ಕೊಟ್ಟ ನಾವು ನೀವು. ಇವೆರಡೂ ವಿಂಡೋಸಿಗೆಂದು ಹುಟ್ಟಿದವು. ಲಿನಕ್ಸ್ ಇಟ್ಟುಕೊಂಡ ಮನೆಯವರಿಗೆ ಪುಕ್ಕಟೆಯಾದ ಈ ವಸ್ತುಗಳಿಂದಲೂ ಉಪಯೋಗವಾಗಲಿಲ್ಲ. ಪುಕ್ಕಟೆಯಾದದ್ದೆಲ್ಲ ಮುಕ್ತವಲ್ಲವೆಂಬುದಕ್ಕೆ ಇದಕ್ಕಿಂತ ಸಮೀಪದ ನಿದರ್ಶನ ಬೇಕಿಲ್ಲ.

ಇದರ ಎದುರಿಗೆ ಕೆ. ಪಿ. ರಾವ್ ಅವರ ಕೆಲಸವನ್ನು ಇಟ್ಟು ನೋಡಿರಿ. ಕಿನ್ನಿಕಂಬಳ ಪದ್ಮನಾಭ ರಾವ್ ಅವರು ಕನ್ನಡವನ್ನು ಇಂಗ್ಲಿಷ್ ಕೀಲಿಮಣೆಯಿಂದಲೇ, ಉಚ್ಚಾರದ ಜಾಡು ಹಿಡಿದು, ಬರೆಯುವ ವಿನ್ಯಾಸವನ್ನು ರೂಪಿಸಿ ಯಾವ ಹಕ್ಕನ್ನೂ ಕೇಳದೆ ನಾಡಿಗೆ ಬಿಟ್ಟುಕೊಟ್ಟರು. ನುಡಿ ತಂತ್ರಾಂಶದ ಕೀಲಿಮಣೆಗೆ ಅದೇ ಆಧಾರವಾಯಿತು. ಗಣಕ ಪರಿಷತ್ತಿನ ಹೆಸರಿನಿಂದ ‘ಕಗಪ’ ಎಂದು ಕರೆಯುವ ಆ ವಿನ್ಯಾಸವು ಈಗ ಲಿನಕ್ಸಿನಲ್ಲಿಯೂ ಇದೆ. ವಿಂಡೋಸಿಗೆ ಬರೆದ ನುಡಿ ತಂತ್ರಾಂಶವು ಲಿನಕ್ಸಿನ ಮನೆಗೆ ಬರಲಿಲ್ಲ. ಅದರೊಳಗಿದ್ದ ಕೀಲಿಮಣೆ ಬಂದಿತು. ತೆರೆದು ಕೊಟ್ಟದ್ದು ದೂರ ನಡೆಯುತ್ತದೆ.

ಅಕ್ಷರಗಳ ಗುಪ್ತ ಸಂಖ್ಯೆಗಳ ಗೊಂದಲಕ್ಕೂ ಮದ್ದು ದೊರೆಯಿತು. ಲೋಕದ ಲಿಪಿಗಳಿಗೆಲ್ಲ ಒಂದೇ ಕ್ರಮದ ಸಂಖ್ಯೆಗಳನ್ನು ಕೊಡುವ ಯೂನಿಕೋಡ್ ಎಂಬ ಏರ್ಪಾಡಿನ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡಕ್ಕೆ ಸ್ಥಾನವಿದ್ದಿತು. ಅದು ಮನೆಯ ಯಂತ್ರಗಳಲ್ಲಿ ನೆಲೆಯೂರಲು ಹತ್ತು ಹದಿನೈದು ವರುಷಗಳೇ ಬೇಕಾದವು. ಬಳಿಕ ಕೇದಗೆ, ಮಲ್ಲಿಗೆ, ಗುಬ್ಬಿ, ನವಿಲು ಎಂಬ ಮುದ್ದಾದ ಹೆಸರುಗಳ ಮುಕ್ತ ಅಕ್ಷರಗಳು ಲಿನಕ್ಸಿಗೆ ಬಂದವು. ಹಳೆಯ ಬೀಗದ ಅಕ್ಷರಗಳಲ್ಲಿದ್ದ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಉಪಕರಣಗಳನ್ನು ಸ್ವಯಂಸೇವಕರು ಬರೆದರು. ಒಳ್ಳೆಯದೇ ಆಯಿತು. ಆದರೆ ಒಂದು ಕನ್ನಡದ ಅಕ್ಷರಮಾಲೆಯನ್ನು ಒತ್ತಕ್ಷರಗಳೊಡನೆ ಅಂದವಾಗಿ ತಿದ್ದಿ ತೀಡಲು ತಿಂಗಳುಗಟ್ಟಲೆ ದುಡಿಮೆ ಬೇಕು. ಹಗಲು ನೌಕರಿ ಮಾಡಿ ರಾತ್ರಿ ಈ ಕೆಲಸಕ್ಕೆ ಕೂಡುವವರು ಎಷ್ಟು ದಿನ ಕುಳಿತಾರು? ಕರೆಯೋಲೆಗೆ ಬೇಕಾಗುವ ಬಗೆಬಗೆಯ ಅಲಂಕಾರದ ಅಕ್ಷರಗಳು ಮುಕ್ತವಾದವುಗಳಲ್ಲಿ ಇಂದಿಗೂ ಬೆರಳೆಣಿಕೆಯಷ್ಟೇ ಇರುವುದಕ್ಕೆ ಕಾರಣವನ್ನು ಬೇರೆಡೆಗೆ ಹುಡುಕಬೇಕಾಗಿಲ್ಲ.

ಇನ್ನು ಅಂಗಡಿಯ ಲೆಕ್ಕದ ಮಾತು. ನಮ್ಮ ವ್ಯಾಪಾರಿಗಳಿಗೆ ಟ್ಯಾಲಿಯ ಹೆಸರನ್ನು ಹೇಳಬೇಕಾಗಿಲ್ಲ. 1986ರಲ್ಲಿ ಬೆಂಗಳೂರಿನಲ್ಲಿ ಶ್ಯಾಮಸುಂದರ ಗೋಯೆಂಕಾ ಅವರು ತಮ್ಮ ವ್ಯಾಪಾರದ ಲೆಕ್ಕಕ್ಕೆ ತಕ್ಕ ತಂತ್ರಾಂಶ ಸಿಗದೆ ಹೋದಾಗ ಮಗ ಭರತ ಗೋಯೆಂಕಾ ಅವರಿಂದ ಬರೆಸಿದ ತಂತ್ರಾಂಶವೇ ಮುಂದೆ ಟ್ಯಾಲಿಯಾಯಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಊರೂರಿನ ಅಂಗಡಿಕಾರರು ಒಮ್ಮೆಲೇ ಹೊಸ ಕಾಯಿದೆಗೆ ಹೊಂದಬೇಕಾಯಿತು. ಅಂಥ ಹೊತ್ತಿನಲ್ಲಿ ಕಾಯಿದೆಯನ್ನು ಓದಿ, ತಂತ್ರಾಂಶವನ್ನು ತಿದ್ದಿ, ತಪ್ಪಿದರೆ ಉತ್ತರ ಹೇಳುವವರೊಬ್ಬರು ಬೇಕು. ವ್ಯಾಪಾರಿಯು ಹಣ ಕೊಡುವುದು ಆ ಹೊಣೆಗೆ. ಮುಕ್ತ ತಂತ್ರಾಂಶಗಳಲ್ಲಿಯೂ ಗ್ನೂಖಾತಾ ಎಂಬ ನಮ್ಮ ದೇಶದವರೇ ಕಟ್ಟಿದ ಲೆಕ್ಕದ ತಂತ್ರಾಂಶವುಂಟು. ಆದರೆ ಕಾಯಿದೆ ಬದಲಾದ ಪ್ರತಿ ಸಲವೂ ಅದನ್ನು ತಿದ್ದಬೇಕಾದವರಿಗೂ ಊಟ ಬೇಡವೇ?

ಹೀಗಿದ್ದರೂ ಮುಕ್ತ ಯಂತ್ರವುಳ್ಳ ಮನೆಗಳಿಗೆ ತಂತ್ರಾಂಶ ಮಾರಲು ಹೋದವರ ಅನುಭವ ಮೊದಮೊದಲು ಕಹಿಯಾಗಿಯೇ ಇದ್ದಿತು. 1998ರಲ್ಲಿ ಅಮೆರಿಕದಲ್ಲಿ ಲೋಕಿ ಎಂಬ ಕಂಪನಿ ಹುಟ್ಟಿತು. ಹೆಸರಾಂತ ಆಟಗಳನ್ನು ಲಿನಕ್ಸಿಗೆ ತಂದು ಮಾರುವುದು ಅದರ ಕಸುಬು. ಗಿರಾಕಿಗಳು ಸಾಲದೆ 2002ರ ಆರಂಭಕ್ಕೆ ಅದು ಬಾಗಿಲು ಹಾಕಿತು. ವರ್ಡ್ ಪರ್ಫೆಕ್ಟ್ ಎಂಬ ಬರವಣಿಗೆಯ ತಂತ್ರಾಂಶವನ್ನು ಲಿನಕ್ಸಿಗೆ ತಂದ ಕೆನಡಾದ ಕೋರೆಲ್ ಕಂಪನಿಯೂ ಕೆಲವೇ ವರುಷಗಳಲ್ಲಿ ಕೈಬಿಟ್ಟಿತು. ಮುಂದೆ 2013ರಲ್ಲಿ ವಾಲ್ವ್ ಕಂಪನಿಯು ತನ್ನ ಸ್ಟೀಮ್ ಎಂಬ ಆಟಗಳ ಅಂಗಡಿಯನ್ನು ಲಿನಕ್ಸಿನಲ್ಲಿ ತೆರೆದಾಗ ಗಾಳಿ ತಿರುಗಿತು. ಲಿನಕ್ಸಿನವರು ಆಟವನ್ನು ಕೊಂಡರು. ಆ ಕಂಪನಿಯು ಲಾಭದ ಒಂದಂಶವನ್ನು ಲಿನಕ್ಸಿನ ಮುಕ್ತ ತಂತ್ರಾಂಶಗಳನ್ನು ತಿದ್ದುವವರಿಗೆ ಕೊಟ್ಟಿತು. ಅದರ ಪ್ರಯೋಜನ ಆಟವಾಡದವರಿಗೂ ಆಯಿತು.

ಹಣ ಕೊಡುವುದರಿಂದಲೇ ಮುಕ್ತವಾದ ತಂತ್ರಾಂಶವೂ ಉಂಟು. ಬ್ಲೆಂಡರ್ ಎಂಬುದು ಚಲಿಸುವ ಚಿತ್ರಗಳನ್ನು ರಚಿಸುವ ತಂತ್ರಾಂಶ. ಅದನ್ನು ಮಾರುತ್ತಿದ್ದ ನೆದರ್ಲೆಂಡಿನ ಕಂಪನಿ 2002ರಲ್ಲಿ ಮುಚ್ಚಿಹೋಯಿತು. ಹಣ ಹೂಡಿದವರು 1 ಲಕ್ಷ ಯೂರೋ ಕೊಟ್ಟರೆ ಅದರ ಮೂಲವನ್ನು ಬಿಟ್ಟುಕೊಡುವುದಾಗಿ ಒಪ್ಪಿದರು. ಅದನ್ನು ರಚಿಸಿದ ಟೋನ್ ರೋಸೆಂಡಾಲ್ ಅವರು ಬಳಕೆದಾರರ ಮುಂದೆ ಕೈಯೊಡ್ಡಿದರು. ನಮ್ಮ ಓಣಿಗಳಲ್ಲಿ ಗಣಪತಿಗೆ ಪಟ್ಟಿ ಎತ್ತುವುದಿಲ್ಲವೇ? ಹಾಗೆಯೇ ಲೋಕದ ಮೂಲೆಮೂಲೆಗಳಿಂದ ಹಣ ಬಂದು ಏಳು ವಾರಗಳಲ್ಲಿ ಮೊತ್ತ ಕೂಡಿತು. ಅದೇ ವರುಷದ ಅಕ್ಟೋಬರಿನಲ್ಲಿ ಬ್ಲೆಂಡರ್ ಎಲ್ಲರ ಸೊತ್ತಾಯಿತು. ಇಂದು ಅದನ್ನು ಯಾರಾದರೂ ಹಣವಿಲ್ಲದೆ ಬಳಸಬಹುದು. ಮೊದಲು ಕೊಟ್ಟವರು ಉಳಿದವರೆಲ್ಲರ ಪಾಲನ್ನೂ ತಾವೇ ಕೊಟ್ಟರು.

ಹಣ ಕೊಡದೆ ಇದ್ದರೆ ಏನಾಗುವುದೆಂಬುದಕ್ಕೂ ದೃಷ್ಟಾಂತವಿದೆ. ಬ್ಯಾಂಕಿನ ವ್ಯವಹಾರದಲ್ಲಿಯೂ ಅಂಚೆಯಲ್ಲಿಯೂ ಗುಟ್ಟನ್ನು ಕಾಪಾಡುವ ಓಪನ್ ಎಸ್ಎಸ್ಎಲ್ ಎಂಬ ಮುಕ್ತ ತಂತ್ರಾಂಶವನ್ನು ಲೋಕದ ದೊಡ್ಡ ದೊಡ್ಡ ಕಂಪನಿಗಳೆಲ್ಲ ಬಳಸುತ್ತಿದ್ದವು. 2014ರಲ್ಲಿ ಅದರಲ್ಲಿ ಹಾರ್ಟ್‌ಬ್ಲೀಡ್ ಎಂಬ ಭಾರಿ ಬಿರುಕು ಹೊರಬಿದ್ದಿತು. ಆಗ ವಿಚಾರಿಸಿದರೆ, ಅದನ್ನು ನೋಡಿಕೊಳ್ಳುವವರು ಬೆರಳೆಣಿಕೆಯ ಮಂದಿ. ದಾನವಾಗಿ ಬರುತ್ತಿದ್ದದ್ದು ವರುಷಕ್ಕೆ ಸುಮಾರು 2,000 ಡಾಲರು! ಲೋಕದ ಖಜಾನೆಯ ಬೀಗವನ್ನು ಕಾಯುವವನಿಗೆ ನಾವು ಇಷ್ಟು ಸಂಬಳ ಇಟ್ಟಿದ್ದೆವು. ನಮ್ಮ ರಾಜ್ಯದಲ್ಲಿಯೇ ಬೆಂಗಳೂರಿನ ಜೆರೋಧಾ ಎಂಬ ಶೇರು ದಲಾಲಿ ಸಂಸ್ಥೆಯು ಮುಕ್ತ ತಂತ್ರಾಂಶಗಳ ಮೇಲೆಯೇ ತನ್ನ ವ್ಯಾಪಾರವನ್ನು ಕಟ್ಟಿತು. 2024ರಲ್ಲಿ ಅದು ಲೋಕದ ಮುಕ್ತ ತಂತ್ರಾಂಶಗಳಿಗೆ ವರುಷಕ್ಕೆ 10 ಲಕ್ಷ ಡಾಲರುಗಳನ್ನು ಕೊಡುವ ನಿಧಿಯನ್ನು ಸಾರಿತು. ಉಂಡ ಮನೆಯ ಋಣವನ್ನು ನೆನೆಯುವ ರೀತಿಯಿದು.

ಕಾಯಿದೆಯ ಮಾತನ್ನೂ ಇಲ್ಲಿ ಹೇಳಿಬಿಡಬೇಕು. ನಮ್ಮ ದೇಶದ 1957ರ ಹಕ್ಕುಸಾಮ್ಯ ಕಾಯಿದೆಗೆ 1984ರಲ್ಲಿ ತಿದ್ದುಪಡಿಯಾಗಿ ಕಂಪ್ಯೂಟರ್ ತಂತ್ರಾಂಶವೂ ಸಾಹಿತ್ಯಕೃತಿಯ ಸಾಲಿಗೆ ಸೇರಿತು. ಕತೆ ಕಾದಂಬರಿಗಳಿಗಿರುವ ರಕ್ಷಣೆ ಅದಕ್ಕೂ ದೊರೆಯಿತು. 1994ರ ತಿದ್ದುಪಡಿಯು 1995ರ ಮೇ 10ರಿಂದ ಜಾರಿಗೆ ಬಂದು, ಕದ್ದ ಪ್ರತಿಯೆಂದು ತಿಳಿದೂ ಕಂಪ್ಯೂಟರಿನಲ್ಲಿ ಬಳಸಿದವನಿಗೆ ಏಳು ದಿನಗಳಿಂದ ಮೂರು ವರುಷಗಳವರೆಗೆ ಸೆರೆಮನೆ, 50,000ದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ಎಂದು ವಿಧಿಸಿತು. ಲಾಭಕ್ಕಾಗಿ ಬಳಸದವನಿಗೆ ಸೆರೆಮನೆಯನ್ನು ತಪ್ಪಿಸಿ, 50,000 ರೂಪಾಯಿ ಮೀರದ ದಂಡದಲ್ಲಿಯೇ ಬಿಡುವ ಅಧಿಕಾರವನ್ನೂ ನ್ಯಾಯಾಲಯಕ್ಕೆ ಕೊಟ್ಟಿತು. ಕಾಯಿದೆ ಹೀಗಿದ್ದರೂ, ಜೋಡಿಸಿದ ಕಂಪ್ಯೂಟರನ್ನು ಕೊಂಡಾಗ ಅಂಗಡಿಯಲ್ಲಿಯೇ ಹಾಕಿಕೊಟ್ಟ ಕದ್ದ ತಂತ್ರಾಂಶವನ್ನು ಬಳಸುವ ರೂಢಿ ನಮ್ಮ ಊರುಗಳಲ್ಲಿ ಬಹಳ ಕಾಲ ನಡೆದುಬಂದಿತು. ಪುಕ್ಕಟೆಯೆಂಬ ನಂಬಿಕೆಗೆ ಅದೂ ನೀರೆರೆಯಿತು. ಕದ್ದದ್ದು ಸುಲಭವಾಗಿ ಸಿಗುವಲ್ಲಿ ಕೊಟ್ಟು ಕೊಳ್ಳುವುದೂ ಬೆಳೆಯಲಿಲ್ಲ, ಮುಕ್ತವಾದದ್ದೂ ಬೆಳೆಯಲಿಲ್ಲ. ಕದ್ದ ವಿಂಡೋಸ್ ಕೈಯಲ್ಲಿರುವಾಗ ಲಿನಕ್ಸನ್ನು ಕಲಿಯುವ ಕಷ್ಟ ಯಾರಿಗೆ ಬೇಕಾದೀತು?

ಹಾಗಾದರೆ ಮುಕ್ತ ಯಂತ್ರದ ಮೇಲೆ ಮಾರಾಟದ ತಂತ್ರಾಂಶವನ್ನು ಕೊಳ್ಳಬೇಕೋ ಬೇಡವೋ? ಸ್ಟಾಲ್‌ಮನ್ ಅವರಂಥವರು ಬೇಡವೆನ್ನುತ್ತಾರೆ. ಅವರ ಆಕ್ಷೇಪವು ಬೆಲೆಗಲ್ಲ, ಒಳಗನ್ನು ಮುಚ್ಚಿಟ್ಟಿರುವುದಕ್ಕೆ. ಆ ಮಾತಿನಲ್ಲಿ ತೂಕವಿದೆ. ಕನ್ನಡ ಅಕ್ಷರಗಳ ಗೊಂದಲವು ಅದಕ್ಕೆ ಸಾಕ್ಷಿ. ಆದರೆ ಸಂಸಾರವಂದಿಗರಾದ ನಾವು ಎಲ್ಲವನ್ನೂ ಒಂದೇ ದಿನದಲ್ಲಿ ಶುದ್ಧ ಮಾಡಿಕೊಳ್ಳಲಾರೆವು. ಕೈಗೆಟುಕುವ ದಾರಿಯೊಂದನ್ನು ಹಿಡಿಯಬಹುದು. ಯಾವುದೇ ತಂತ್ರಾಂಶಕ್ಕೆ ಹಣ ಕೊಡುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿರಿ. ನಾನು ಇದರಲ್ಲಿ ಬರೆದದ್ದು, ಇಟ್ಟ ಲೆಕ್ಕ, ಇನ್ನೊಂದು ತಂತ್ರಾಂಶದಲ್ಲಿ ತೆರೆದುಕೊಳ್ಳುತ್ತದೆಯೇ? ಮಾರಿದವನು ನಾಳೆ ಅಂಗಡಿ ಮುಚ್ಚಿದರೆ ನನ್ನ ಗತಿಯೇನು? ಒಮ್ಮೆ ಕೊಡುವ ಬೆಲೆಯೋ, ವರುಷ ವರುಷದ ಬಾಡಿಗೆಯೋ? ಈ ಮೂರಕ್ಕೂ ಸರಿಯಾದ ಉತ್ತರ ದೊರೆತರೆ ಹಣ ಕೊಡಲು ಹಿಂದೆಗೆಯಬೇಡಿರಿ. ನಿಮ್ಮ ಯಂತ್ರವು ಮುಕ್ತವಾಗಿರುವುದಕ್ಕೆ ಅದರಿಂದ ಕುಂದಿಲ್ಲ. ಮೊದಲನೆಯದಕ್ಕೆ ಇಲ್ಲವೆಂಬ ಉತ್ತರ ಬಂದರೆ, ಅದನ್ನು ಪುಕ್ಕಟೆ ಕೊಟ್ಟರೂ ಎರಡು ಸಲ ಯೋಚಿಸಿರಿ.

ಪುಕ್ಕಟೆಯಾಗಿ ಬಂದ ಮುಕ್ತ ತಂತ್ರಾಂಶಗಳ ಲೆಕ್ಕವನ್ನೂ ಮರೆಯಬಾರದು. ದಿನಾಲು ಬಳಸುವ ಒಂದೆರಡನ್ನು ಆಯ್ದು ವರುಷಕ್ಕೊಮ್ಮೆ ಅದರ ಕರ್ತೃಗಳಿಗೆ ಕೈಲಾದಷ್ಟು ಕಳಿಸಬಹುದು. ಹಣವಿಲ್ಲದವರು ತಪ್ಪುಗಳನ್ನು ತೋರಿಸಿ ಬರೆಯಬಹುದು, ಇಂಗ್ಲಿಷಿನ ಸೂಚನೆಗಳನ್ನು ಕನ್ನಡಕ್ಕೆ ತರಬಹುದು, ಓಣಿಯ ಹುಡುಗರಿಗೆ ಕಲಿಸಬಹುದು. ಲಿನಕ್ಸಿನ ಪರದೆಯ ಮೇಲೆ ಇಂದು ಕಾಣುವ ಕನ್ನಡ ಶಬ್ದಗಳಲ್ಲಿ ಬಹುಪಾಲು ಹೀಗೆ ಯಾರೋ ಕುಳಿತು ಅನುವಾದಿಸಿದವುಗಳೇ.

ತಂದೆ ಮಗಳ ಆ ಮಾತಿಗೆ ಇತಿಹಾಸವು ಕೊಡುವ ಉತ್ತರ ಇಷ್ಟೆ: ಮುಕ್ತವೆಂಬುದು ನಮ್ಮ ಹಕ್ಕಿನ ಮಾತು, ಪುಕ್ಕಟೆಯೆಂಬುದು ಬೆಲೆಯ ಮಾತು. ಎರಡನ್ನೂ ಒಂದೇ ಎಂದು ತಿಳಿದವರು ಒಮ್ಮೊಮ್ಮೆ ಬೀಗ ಹಾಕಿದ ಪೆಟ್ಟಿಗೆಯನ್ನು ಪುಕ್ಕಟೆ ಸಿಕ್ಕಿತೆಂದು ಹೊತ್ತು ತಂದಿದ್ದಾರೆ. ಒಮ್ಮೊಮ್ಮೆ ತೆರೆದ ಮನೆಯನ್ನು ಕಟ್ಟಿದವನಿಗೆ ಕೂಲಿಯನ್ನೇ ಕೊಡದೆ ಕಳಿಸಿದ್ದಾರೆ. ಕನ್ನಡದ ಅಕ್ಷರಗಳು ಮುಂದಿನ ಐವತ್ತು ವರುಷಗಳ ಕಾಲ ನಮ್ಮ ಮನೆಯ ಯಂತ್ರಗಳಲ್ಲಿ ಅಂದವಾಗಿಯೂ ಅಡ್ಡಿಯಿಲ್ಲದೆಯೂ ಮೂಡಬೇಕೆಂದಿದ್ದರೆ ಅವುಗಳನ್ನು ತಿದ್ದುವ ಕೈಗಳು ಉಳಿಯಬೇಕು. ಆ ಕೈಗಳಿಗೆ ಕೊಡುವ ಕೂಲಿಯನ್ನು ಸರಕಾರವೇ ಕೊಡಲಿ, ಕಂಪನಿಯೇ ಕೊಡಲಿ, ಓಣಿಯವರು ಪಟ್ಟಿ ಎತ್ತಿಯೇ ಕೊಡಲಿ; ಕೊಡುವವರ ಸಾಲಿನಲ್ಲಿ ಬಳಸುವವನ ಹೆಸರೂ ಒಂದಿರಬೇಕು.